ಸಾಹೇಬರು ಬರೆದ ‘ದೋ’

ಹಳೆಯ ರಿಜಿಸ್ಟರುಗಳ ಗಂಟನ್ನು ನೀವು ಬಿಚ್ಚಬೇಡಿ, ಅಂಗಳದಲ್ಲಿ ಧೂಳು ಕೊಡವಿಸಿ ಒಳಗೆ ತರಿಸುತ್ತೇನೆ ಎಂದು ಆವತ್ತು ಬೆಳಿಗ್ಗೆ ನಾನು ಡಾಕ್ಟರ್ ಸಾಹೇಬರಿಗೆ ಹೇಳಬೇಕಿತ್ತು. ಹೇಳಲಿಲ್ಲ. ಮೇಲಿನವರು ಏನಾದರೂ ಮಾಡುತ್ತಿರುವಾಗ ಬೇಡ ಎನ್ನುವ ಧೈರ್ಯ ನನಗೆ ಹುಟ್ಟಿನಿಂದಲೇ ಇಲ್ಲ. ನಾನು ಅಂಜುಬುರುಕ. ಮಕ್ತಲ್ಲಿನ ಸರಕಾರಿ ದವಾಖಾನೆಯಲ್ಲಿ ಕಂಪೌಂಡರ್ ಕೆಲಸಕ್ಕೆ ಇದೇನೂ ಅಡ್ಡಿಯಾಗಿರಲಿಲ್ಲ. ಔಷಧ ಅಳೆಯುವವನು ಅಂಜುತ್ತಲೇ ಅಳೆಯಬೇಕು ಎಂದು ಸಾಹೇಬರೇ ಒಮ್ಮೆ ತಮಾಷೆ ಮಾಡಿದ್ದರು.

ಅದು ನಿಜಾಮರ ಆಳ್ವಿಕೆಯ ಕೊನೆಕೊನೆಯ ವರ್ಷಗಳು. ಮೇಲಿನಿಂದ ತಪಾಸಣೆಗೆ ಬರುತ್ತಾರೆಂಬ ಸುದ್ದಿ ಬಂದಿತ್ತು. ಹತ್ತಾರು ವರ್ಷ ಕಪಾಟಿನ ಮೇಲೆ ಮಲಗಿದ್ದ ಗಂಟುಗಳನ್ನು ಇಳಿಸಿ ಒಂದೊಂದೇ ಪುಸ್ತಕ ತೆಗೆದು ನೋಡುತ್ತಿದ್ದರು ಸಾಹೇಬರು. ಅವರಿಗೆ ದಮ್ಮಿನ ಕಾಯಿಲೆ ಇತ್ತು. ರಾಯಚೂರು ಕಡೆಯವರು, ವಯಸ್ಸು ನಲವತ್ತರ ಹತ್ತಿರ. ಚಳಿಗಾಲದಲ್ಲಿ ಎರಡು ಮೂರು ಸಲ ಎದೆ ಕಟ್ಟುತ್ತಿತ್ತು. ಎಫೆಡ್ರಿನ್ ಗುಳಿಗೆ ನುಂಗಿ, ದತ್ತೂರಿ ಎಲೆಯ ಪುಡಿಗೆ ಸೋರುಪ್ಪು ಬೆರೆಸಿ ತಟ್ಟೆಯಲ್ಲಿ ಸುಟ್ಟು, ಆ ಹೊಗೆ ಎಳೆದುಕೊಂಡು ಅರ್ಧ ಗಂಟೆಯಲ್ಲಿ ಮತ್ತೆ ರೋಗಿಗಳ ಮುಂದೆ ಕೂರುತ್ತಿದ್ದರು. ಹಾಗಾಗಿ ಮೂರನೇ ಗಂಟು ಬಿಚ್ಚುವಾಗ ಅವರು ಕೆಮ್ಮತೊಡಗಿದ್ದಕ್ಕೆ ನಾನು ಗಾಬರಿಯಾಗಲಿಲ್ಲ. ಗುಳಿಗೆ ತಂದುಕೊಟ್ಟೆ, ತಟ್ಟೆ ಇಟ್ಟೆ, ಕಡ್ಡಿ ಗೀರಿದೆ.

ಆವತ್ತು ಹೊಗೆ ಕೆಲಸ ಮಾಡಲಿಲ್ಲ. ಎರಡನೇ ಸಲ ಪುಡಿ ಸುಟ್ಟೆವು. ಇನ್ನಷ್ಟು ಕೆಮ್ಮು ಬಂತೇ ಹೊರತು ಎದೆ ಬಿಡಲಿಲ್ಲ. ಸಾಹೇಬರು ಮೇಜಿನ ಮೇಲೆ ಎರಡೂ ಮೊಣಕೈ ಊರಿ ಮುಂದಕ್ಕೆ ಬಾಗಿ ಕುಳಿತರು. ಉಸಿರು ಒಳಗೆ ಹೋಗುವುದು ಸುಲಭ, ಹೊರಗೆ ಬರುವುದೇ ಕಷ್ಟ ಎಂದು ಅವರು ರೋಗಿಗಳಿಗೆ ವಿವರಿಸುವುದನ್ನು ಎಷ್ಟೋ ಸಲ ಕೇಳಿದ್ದೆ. ಈಗ ಕಣ್ಣಾರೆ ಕಂಡೆ. ಪ್ರತಿ ಉಸಿರಿಗೂ ಕುತ್ತಿಗೆಯ ಬುಡದಲ್ಲಿ ಗುಂಡಿ ಬೀಳುತ್ತಿತ್ತು, ಹೊರಬಿಡುವಾಗ ಸೀಟಿಯಂಥ ಸದ್ದು ಬಾಗಿಲಾಚೆಗೂ ಕೇಳುತ್ತಿತ್ತು. ಹೊರಗೆ ಕಾದಿದ್ದ ರೋಗಿಗಳು ಒಬ್ಬೊಬ್ಬರಾಗಿ ಎದ್ದು ಕಿಟಕಿಯಲ್ಲಿ ಇಣುಕಿದರು.

ದವಾಖಾನೆಯ ದಾಯಿ ಅವರನ್ನೆಲ್ಲ ಅಂಗಳಕ್ಕೆ ಸರಿಸಿದಳು. ಆಕೆ ತೆಲುಗಿನವಳು, ನನಗಿಂತ ಇಪ್ಪತ್ತು ವರ್ಷ ದೊಡ್ಡವಳು. ಹೆರಿಗೆ ಕೋಣೆಯಲ್ಲಿ ನಡುಗುವ ಗಂಡಂದಿರನ್ನು ನೋಡಿ ನೋಡಿ ಅವಳಿಗೆ ಗಂಡಸರ ಭಯ ದೂರದಿಂದಲೇ ತಿಳಿಯುತ್ತಿತ್ತು.

“ಅಯ್ಯಾ, ನೀವು ಹೆದರಿದ್ರೆ ಹೆಂಗ? ಮೊದ್ಲು ಯಾರನ್ನಾರ ಕಳಸ್ರಿ,” ಎಂದಳು.

ಕಳಿಸುವುದಾದರೂ ಎಲ್ಲಿಗೆ? ಗದ್ವಾಲಿನಲ್ಲಿ ದೊಡ್ಡ ಡಾಕ್ಟರ್ ಇದ್ದರು, ಆದರೆ ನಡುವೆ ಕೃಷ್ಣೆ. ಹರಿಗೋಲಿನಲ್ಲಿ ದಾಟಿ ಹೋಗಿ ಅವರನ್ನು ಕರೆದುಕೊಂಡು ಮತ್ತೆ ದಾಟಿ ಬರುವ ಹೊತ್ತಿಗೆ ದಿನ ಮುಗಿಯುತ್ತಿತ್ತು. ನಾರಾಯಣಪೇಟೆಗಾದರೆ ಮೋಟಾರು ಇತ್ತು. ಚಪರಾಸಿಯನ್ನು ಮೋಟಾರು ಹತ್ತಿಸಿ, ಅಲ್ಲಿಯ ಡಾಕ್ಟರನ್ನು ಕೈಕಾಲು ಹಿಡಿದಾದರೂ ಕರೆದುಕೊಂಡು ಬಾ ಎಂದು ಕಳಿಸಿದೆ. ಮೋಟಾರಿನ ಧೂಳು ಕಣ್ಣಿಗೆ ಕಾಣುವವರೆಗೂ ನನಗೆ ಸ್ವಲ್ಪ ಧೈರ್ಯವಿತ್ತು.

ಒಳಗೆ ಬಂದಾಗ ಸಾಹೇಬರ ತಾಯಿ ಹಿಂದಿನ ಕ್ವಾರ್ಟರ್ಸಿನಿಂದ ಬಂದು ಮಗನ ಬೆನ್ನು ಸವರುತ್ತಿದ್ದರು. ಹಣೆಗೆ ವಿಭೂತಿ ಹಚ್ಚಿದ್ದರು, ಬೆವರಿಗೆ ಅದು ಕರಗಿ ಹುಬ್ಬಿನ ಮೇಲೆ ಇಳಿದಿತ್ತು.

“ಸಾಹೇಬ್ರ, ಅಡ್ರಿನಲಿನ್ ಸೂಜಿ ಕೊಡಲೇನ್ರಿ?” ಎಂದು ಕೇಳಿದೆ.

ಅವರು ಕೈಯಾಡಿಸಿ ಬೇಡ ಎಂದರು. “ಇನ್ನ... ಸ್ವಲ್ಪ... ನೋಡೂಣು.” ಮೂರು ಮಾತಿಗೆ ಮೂರು ಉಸಿರು ಬೇಕಾದವು. ಅವರೇಕೆ ಹಿಂಜರಿಯುತ್ತಿದ್ದಾರೆಂದು ನನಗೆ ಗೊತ್ತಿತ್ತು. ಹಿಂದಿನ ವರ್ಷ ರಾಯಚೂರಿನಲ್ಲಿ ಯಾರೋ ಅವರಿಗೆ ಆ ಸೂಜಿಯನ್ನು ಒಮ್ಮೆಲೇ ಹೆಚ್ಚಾಗಿ ಚುಚ್ಚಿದ್ದರಂತೆ. ಎದೆ ಹೊಡೆದುಕೊಂಡು ಕಣ್ಣು ಕತ್ತಲಿಟ್ಟು ಬಿದ್ದಿದ್ದೆ ಎಂದು ಹೇಳಿದ್ದರು. ದಮ್ಮಿಗೆ ಅದು ಸಂಜೀವಿನಿ, ಹೃದಯಕ್ಕೆ ಅದೇ ಚಾಟಿ. ಅದನ್ನು ಚರ್ಮದ ಕೆಳಗೆ ಅಳತೆ ಮಾಡಿ ಕೊಡಬೇಕು.

ನಾನು ಅವರ ಬೇಡವನ್ನೇ ಹಿಡಿದುಕೊಂಡು ಕೈಕಟ್ಟಿ ನಿಂತೆ. ಈಗಲೂ ನನಗೆ ನಾಚಿಕೆ ತರುವುದು ಆ ಹೊತ್ತು. ಆಮೇಲೆ ಮಾಡಿದ ತಪ್ಪನ್ನಾದರೂ ಏನೋ ಮಾಡಲು ಹೋಗಿ ಮಾಡಿದೆ. ಇಲ್ಲಿ ಸುಮ್ಮನೆ ನಿಂತಿದ್ದೆ.

ಎಷ್ಟು ಹೊತ್ತಾಯಿತೋ, ಸೀಟಿಯ ಸದ್ದು ಮೆಲ್ಲಗೆ ತಗ್ಗಿತು. ಆಮೇಲೆ ಕೇಳಿಸಲೇ ಇಲ್ಲ. ತಾಯಿ ಸೆರಗಿನಿಂದ ಕಣ್ಣೊರೆಸಿಕೊಂಡರು.

“ಆವಾಜ್ ನಿಂತ್ತು ನೋಡು ತಮ್ಮಾ. ಆರಾಮಾತು ನನ್ನ ಮಗಗ.”

ನನಗೂ ಹಾಗೇ ಅನ್ನಿಸಿತು. ದೇವರು ದೊಡ್ಡವನು ಎಂದು ಉಸಿರುಬಿಟ್ಟು, ಮುಂದೆ ಹೋಗಿ ಸಾಹೇಬರ ಕೈ ಹಿಡಿದೆ. ಉಗುರುಗಳು ನೀಲಿಗಟ್ಟಿದ್ದವು. ಎದೆಗೂಡು ಮೊದಲಿನಂತೆಯೇ ಎದ್ದು ಬೀಳಲು ಒದ್ದಾಡುತ್ತಿತ್ತು, ಆದರೆ ಸದ್ದಿಲ್ಲ. ಅವರದೇ ಸ್ಟೆತಾಸ್ಕೋಪನ್ನು ಮೇಜಿನಿಂದ ತೆಗೆದುಕೊಂಡೆ. ಕಂಪೌಂಡರ್ ಅದನ್ನು ಮುಟ್ಟುವುದು ರೂಢಿಯಲ್ಲ. ಬೆನ್ನಿನ ಎಡಕ್ಕಿಟ್ಟು ಕೇಳಿದೆ, ಬಲಕ್ಕಿಟ್ಟು ಕೇಳಿದೆ. ಎರಡೂ ಕಡೆ ಏನೂ ಇಲ್ಲ. ಗಾಳಿ ಹೋಗಿ ಬರುತ್ತಿದ್ದರೆ ತಾನೇ ಸೀಟಿ ಕೇಳುವುದು! ಕೊಳವೆಗಳು ಅಷ್ಟರಮಟ್ಟಿಗೆ ಮುಚ್ಚಿಕೊಂಡಿದ್ದವು.

“ಆರಾಮಾಗಿಲ್ರಿ ಅವ್ವಾರ,” ಎಂದೆ.

ನಮ್ಮ ದವಾಖಾನೆಯಲ್ಲಿ ಒಂದು ಕಟ್ಟುನಿಟ್ಟಿತ್ತು. ಚೀಟಿಯಿಲ್ಲದೆ ಸೂಜಿಯಿಲ್ಲ. ಬಾಯಿಮಾತಿನ ಮೇಲೆ ಕಂಪೌಂಡರ್ ಸಿರಿಂಜು ಮುಟ್ಟಬಾರದು ಎಂದು ಸಾಹೇಬರೇ ಮಾಡಿದ ನಿಯಮ. ಅವರು ಉರ್ದುವಿನಲ್ಲಿ ಔಷಧದ ಹೆಸರು ಬರೆದು, ಪಕ್ಕದಲ್ಲಿ ಅಂಕಿ ಹಾಕಿ, ರುಜು ಮಾಡುತ್ತಿದ್ದರು. ನಾನು ಕೊಟ್ಟ ಮೇಲೆ ಚೀಟಿಯನ್ನು ತಂತಿಗೆ ಚುಚ್ಚುತ್ತಿದ್ದೆ. ಚೀಟಿಯಿಲ್ಲದೆ ಕೊಟ್ಟು ಸಾಹೇಬರು ಸತ್ತರೆ ನನ್ನನ್ನು ಕೇಳುವವರು ಯಾರೆಲ್ಲ ಎಂದು ಆ ಗಳಿಗೆಯಲ್ಲೂ ನನ್ನ ತಲೆ ಲೆಕ್ಕ ಹಾಕಿತು. ಸುಳ್ಳು ಹೇಳಿ ಏನಾಗಬೇಕು?

ಚೀಟಿಯ ಕಟ್ಟು, ಪೆನ್ಸಿಲು ಹಿಡಿದು ಅವರ ಮುಂದೆ ನಿಂತೆ. “ಸಾಹೇಬ್ರ, ಚೀಟಿ ಬರದು ಕೊಡ್ರಿ,” ಎಂದೆ. ಉಸಿರು ಸಿಗದೆ ಸಾಯುತ್ತಿರುವ ಮನುಷ್ಯನ ಮುಂದೆ ಕಾಗದ ಹಿಡಿದು ನಿಂತ ನನ್ನನ್ನು ದಾಯಿ ನೋಡಿದ ನೋಟ ಮರೆಯುವಂಥದ್ದಲ್ಲ. ಸಾಹೇಬರು ಮಾತ್ರ ಬೈಯಲಿಲ್ಲ. ತಾವೇ ಮಾಡಿದ ನಿಯಮವಲ್ಲವೇ? ಪೆನ್ಸಿಲು ಹಿಡಿದು, ನಡುನಡುವೆ ನಿಲ್ಲುತ್ತ, ಎರಡು ಪದ ಬರೆದು ರುಜು ಎಳೆದರು. ಪೆನ್ಸಿಲು ಜಾರಿ ಕೆಳಗೆ ಬಿತ್ತು. ತಲೆ ತಾಯಿಯ ತೋಳಿಗೆ ಒರಗಿತು. ಕರೆದರೆ ಕಣ್ಣು ತೆರೆಯುತ್ತಿದ್ದರು, ಉತ್ತರ ಬರುತ್ತಿರಲಿಲ್ಲ.

ಚೀಟಿಯಲ್ಲಿ ಇದ್ದದ್ದು ಇಷ್ಟು: ಅಡ್ರಿನಲಿನ್ ದೋ.

ನನ್ನ ಮನೆಮಾತು ಕನ್ನಡ. ಉರ್ದು ಮದರಸೆಯಲ್ಲಿ ಕಲಿತದ್ದು, ದಫ್ತರಿನಲ್ಲಿ ಉಜ್ಜಿಕೊಂಡದ್ದು. ಔಷಧದ ಹೆಸರಿನ ಮುಂದೆ ಯಾವತ್ತೂ ಪ್ರಮಾಣವೇ ಇರುತ್ತಿದ್ದರಿಂದ ನನ್ನ ಕಣ್ಣಿಗೆ ಆ ‘ದೋ’ ಎರಡಾಗಿಯೇ ಕಂಡಿತು. ಎರಡು ಆಂಪುಲು, ಅಂದರೆ ಎರಡು ಸಿ.ಸಿ. ಬಹಳವಾಯಿತಲ್ಲ ಎಂದು ಮನಸ್ಸು ಒಂದು ಗಳಿಗೆ ಎಳೆದಾಡಿತು. ಇಷ್ಟು ಜೋರಾಗಿ ಕಟ್ಟಿದ ಎದೆಗೆ ಅಷ್ಟು ಬೇಕೇನೋ, ನನಗಿಂತ ಅವರಿಗೆ ಗೊತ್ತು ಎಂದು ಸುಮ್ಮನಾದೆ. ಮೇಲಿನವರ ಬರಹ ಕೈಗೆ ಬಂದರೆ ನನ್ನಂಥವನಿಗೆ ಯೋಚಿಸುವ ಕಷ್ಟ ತಪ್ಪುತ್ತದೆ.

ಸ್ಪಿರಿಟ್ ಒಲೆಯ ಮೇಲೆ ಗಾಜಿನ ಸಿರಿಂಜು, ಸೂಜಿ ಕುದಿಯಲು ಇಟ್ಟೆ. ಅಷ್ಟರಲ್ಲಿ ಸಾಹೇಬರ ಕೋಟಿನ ಜೇಬಿನಿಂದ ಕೀಲಿ ತೆಗೆದು ಕಪಾಟು ತೆರೆದೆ. ಅಡ್ರಿನಲಿನ್ ಪೆಟ್ಟಿಗೆಯಲ್ಲಿ ಮೂರು ಆಂಪುಲು ಉಳಿದಿದ್ದವು. ಮೊದಲನೆಯದನ್ನು ಬೆಳಕಿಗೆ ಹಿಡಿದರೆ ಒಳಗಿನ ನೀರು ಕಂದು ಬಣ್ಣಕ್ಕೆ ತಿರುಗಿತ್ತು. ಕೆಟ್ಟದ್ದು. ಮಿಕ್ಕ ಎರಡು ತಿಳಿಯಾಗಿದ್ದವು. ಅರದಿಂದ ಗಾಜಿನ ಕತ್ತು ಗೀರಿ ಮುರಿದು, ಎರಡನ್ನೂ ಒಂದೇ ಸಿರಿಂಜಿಗೆ ಎಳೆದೆ. ಸಿರಿಂಜು ತುಂಬಿತು. ಸೂಜಿ ಮೇಲೆ ಮಾಡಿ ಗಾಳಿಗುಳ್ಳೆ ಹೊರಡಿಸಿದೆ.

ದಾಯಿ ಸಾಹೇಬರ ಅಂಗಿಯ ತೋಳು ಏರಿಸಿ ಹಿಡಿದಳು. ಸ್ಪಿರಿಟ್ ಹತ್ತಿಯಿಂದ ಒರೆಸಿ, ಚರ್ಮ ಎತ್ತಿ, ಸೂಜಿ ಹೊಗಿಸಿದೆ. ಹಿಡಿಯನ್ನು ತುಸು ಹಿಂದಕ್ಕೆ ಎಳೆದು ರಕ್ತ ಬರುವುದಿಲ್ಲವೆಂದು ನೋಡಿದೆ. ನರಕ್ಕೆ ಹೋದರೆ ಎರಡೇನು, ಅರ್ಧವೂ ಕೊಲ್ಲುತ್ತದೆ. ಎಡಗೈ ಬೆರಳನ್ನು ನಾಡಿಯ ಮೇಲಿಟ್ಟು ಬಲಗೈಯಿಂದ ಒತ್ತತೊಡಗಿದೆ.

ಸಿರಿಂಜಿನ ಒಂದು ಬದಿಗೆ ಸಿ.ಸಿ. ಗೆರೆ, ಇನ್ನೊಂದು ಬದಿಗೆ ಮಿನಿಮ್ ಎಂಬ ಸಣ್ಣ ಗೆರೆಗಳು. ಒಂದು ಮಿನಿಮ್ ಅಂದರೆ ಹೆಚ್ಚುಕಡಿಮೆ ಒಂದು ಹನಿ. ಐದನೇ ಗೆರೆ ದಾಟುವಾಗ ಬೆರಳ ಕೆಳಗೆ ನಾಡಿ ಜಿಗಿಯಿತು. ಎಣಿಸಲು ಬಾರದಷ್ಟು ವೇಗ. ನಡುವೆ ಒಂದು ಏಟು ತಪ್ಪಿತು, ಮತ್ತೊಂದು ತಪ್ಪಿತು. ಸಾಹೇಬರ ಮುಖ ಬೂದಿಬಣ್ಣಕ್ಕೆ ತಿರುಗಿತು, ಕೈ ಗಡಗಡ ನಡುಗಿತು. ನನ್ನ ಹೆಬ್ಬೆರಳು ತಾನಾಗಿ ನಿಂತಿತು.

“ಯಾಕ ನಿಂದ್ರಿಸಿದ್ರಿ?” ಎಂದಳು ದಾಯಿ.

ನಾನು ಮೇಜಿನ ಕಡೆ ತಿರುಗಿದೆ. ಚೀಟಿ ಮೇಜಿನ ಮೇಲೆ ಅಲ್ಲೇ ಇತ್ತು. ಅಡ್ರಿನಲಿನ್ ದೋ. ಸಾಹೇಬರು ಪ್ರಮಾಣವನ್ನು ಎಂದೂ ಅಕ್ಷರದಲ್ಲಿ ಬರೆದವರಲ್ಲ, ಯಾವಾಗಲೂ ಅಂಕಿ. ಇಲ್ಲಿ ಅಂಕಿ ಇರಲಿಲ್ಲ. ಉರ್ದುವಿನಲ್ಲಿ ಎರಡು ಎನ್ನಲೂ ‘ದೋ’, ಕೊಡು ಎನ್ನಲೂ ‘ದೋ’. ಬರೆಯುವ ಅಕ್ಷರವೂ ಅದೇ, ಉಚ್ಚಾರವೂ ಅದೇ. ಅವರು ಕೊಡು ಎಂದಷ್ಟೇ ಬರೆದಿದ್ದರೆ? ಅಳತೆಯನ್ನು ನನಗೇ ಬಿಟ್ಟಿದ್ದರೆ? ಆದರೆ ಚೀಟಿಯಲ್ಲಿ ‘ಕೊಡು’ ಎಂದು ಕೂಡ ಅವರು ಯಾವತ್ತೂ ಬರೆದವರಲ್ಲ. ಹೆಸರು, ಅಂಕಿ, ರುಜು, ಅಷ್ಟೇ.

“ಸಾಹೇಬ್ರ, ಎರಡು ಅಂತೀರೇನು, ಕೊಡು ಅಂತೀರೇನ್ರಿ?” ಎಂದು ಕಿವಿಯ ಹತ್ತಿರ ಬಾಗಿ ಕೇಳಿದೆ. ಕಣ್ಣು ಅರ್ಧ ತೆರೆದರು. ತಲೆ ಆಡಿತು. ಅದು ಹೌದೋ ಅಲ್ಲವೋ, ಉಸಿರಿನ ಒದ್ದಾಟಕ್ಕೆ ಆಡಿದ್ದೋ ತಿಳಿಯಲಿಲ್ಲ.

ಒತ್ತಿದರೆ ಎದೆ ನಿಲ್ಲಬಹುದು. ಸೂಜಿ ಕಿತ್ತರೆ ಉಸಿರು ನಿಲ್ಲುತ್ತದೆ, ಮತ್ತೆ ತುಂಬಲು ಬೇರೆ ಆಂಪುಲು ಇಲ್ಲ. ಎರಡರಲ್ಲಿ ಯಾವುದನ್ನು ಮಾಡುವುದಕ್ಕೂ ನನಗೆ ಧೈರ್ಯವಿರಲಿಲ್ಲ. ಹಾಗಾಗಿ ಎರಡನ್ನೂ ಮಾಡಲಿಲ್ಲ. ಸೂಜಿಯನ್ನು ಚರ್ಮದಲ್ಲೇ ಬಿಟ್ಟೆ. ಮೇಜಿನ ಮೇಲಿನ ಸಾಹೇಬರ ಗಡಿಯಾರವನ್ನು ದಾಯಿಗೆ ನನ್ನ ಕಣ್ಣಿನ ಮುಂದೆ ಹಿಡಿಯಲು ಹೇಳಿದೆ. ನಾಡಿ ತುಸು ಇಳಿದು ಏಟು ತಪ್ಪುವುದು ನಿಂತ ಮೇಲೆ ಒಂದೇ ಒಂದು ಮಿನಿಮ್ ಒತ್ತಿದೆ. ಸೆಕೆಂಡಿನ ಮುಳ್ಳು ಒಂದು ಸುತ್ತು ಬಂದ ಮೇಲೆ ಇನ್ನೊಂದು. ನಾಡಿ ಜಿಗಿದರೆ ಎರಡು ಸುತ್ತು ಕಾಯುವುದು. ಇದು ವೈದ್ಯಶಾಸ್ತ್ರದ ಪುಸ್ತಕದಲ್ಲಿದ್ದ ಪದ್ಧತಿಯೇ ಎಂದು ಬಹಳ ಕಾಲದ ನಂತರ ತಿಳಿಯಿತು. ಆವತ್ತು ನನಗೆ ಗೊತ್ತಿದ್ದದ್ದು ಭಯವೊಂದೇ.

“ಇಷ್ಟ ಇಷ್ಟ ಯಾಕ ಹಾಕ್ತಿ ತಮ್ಮಾ? ಎಲ್ಲಾ ಹಾಕಿಬಿಡು,” ಎಂದರು ತಾಯಿ.

“ಬ್ಯಾಡ್ರಿ ಅವ್ವಾರ.”

“ಹಂಗಂದ್ರ ನಿದ್ದಿ ಸೂಜಿನಾರ ಹಾಕು. ನನ್ನ ಮಗ ದಣದಾನ. ಒಂದ್ ಗಳಿಗಿ ಮಲಗ್ಲಿ.”

ಮಾರ್ಫಿಯಾ ಅದೇ ಕಪಾಟಿನಲ್ಲಿತ್ತು. ದಮ್ಮಿನವರಿಗೆ ಅದನ್ನು ಕೊಟ್ಟರೆ ನಿದ್ದೆ ಬರುತ್ತದೆ, ಉಸಿರಾಡುವ ಒದ್ದಾಟವೂ ನಿಲ್ಲುತ್ತದೆ, ಆಮೇಲೆ ಏಳುವುದಿಲ್ಲ ಎಂದು ಸಾಹೇಬರು ನನಗೆ ಒತ್ತಿ ಹೇಳಿದ್ದರು. ಅದನ್ನು ಆ ತಾಯಿಗೆ ಹೇಗೆ ಹೇಳುವುದು? “ಅವ್ವಾರ, ಈಗ ಅವ್ರು ಮಲಗಬಾರ್ದು. ನೀವು ಮಾತಾಡಸ್ಕೋತ ಇರ್ರಿ,” ಎಂದೆ. ಆಕೆ ಮಗನ ಬಾಲ್ಯದ ಹೆಸರು ಹಿಡಿದು ಕರೆಯುತ್ತಲೇ ಇದ್ದರು. ನಮ್ಮ ಸಾಹೇಬರಿಗೆ ಮನೆಯಲ್ಲಿ ಅಂಥ ಮುದ್ದಿನ ಹೆಸರಿದೆ ಎಂದು ಆವತ್ತೇ ಗೊತ್ತಾಗಿದ್ದು.

ಎಂಟು. ಒಂಬತ್ತು. ಬೆವರು ನನ್ನ ಕಣ್ಣಿಗೆ ಇಳಿಯಿತು, ಒರೆಸಲು ಕೈ ಬಿಡುವಿಲ್ಲ. ದಾಯಿ ತನ್ನ ಸೆರಗಿನಿಂದ ಒರೆಸಿದಳು. “ಏಂ ಕಾದು ಲೇ ಅಯ್ಯಾ,” ಎಂದಳು, ಏನೂ ಆಗುವುದಿಲ್ಲ ಎಂದು.

ಹನ್ನೊಂದನೇ ಮಿನಿಮ್ ಕೊಟ್ಟು ಕಾಯುತ್ತಿರುವಾಗ ಸೀಟಿಯ ಸದ್ದು ಮತ್ತೆ ಬಂತು. ಮೊದಲು ತೆಳ್ಳಗೆ, ಆಮೇಲೆ ಕೋಣೆಗೆಲ್ಲ ಕೇಳುವಷ್ಟು. ತಾಯಿ ಎದೆ ಬಡಿದುಕೊಂಡು ಅಳತೊಡಗಿದರು. “ಮತ್ತ ಸುರುವಾತು, ನನ್ನ ಮಗನ್ನ ಏನ್ ಮಾಡಿದ್ಯೋ,” ಎಂದರು. ನಾನೂ ಅಳುತ್ತಿದ್ದೆ. ಆದರೆ ಅದು ಬೇರೆ ಅಳು. ಗಾಳಿ ಓಡಾಡುತ್ತಿತ್ತು!

“ಸದ್ದು ಬರ್ಲಿ ಬಿಡ್ರಿ ಅವ್ವಾರ, ಅದು ಛಲೋದು,” ಎಂದು ಹೇಳಿದೆ. ಆಕೆ ನಂಬಲಿಲ್ಲ. ನಂಬುವ ಹಾಗೆ ಹೇಳಲು ನನಗೂ ಆಗಿರಲಿಲ್ಲ.

ಹದಿನಾಲ್ಕರಲ್ಲಿ ನಿಲ್ಲಿಸಿದೆ. ಒಂದು ಆಂಪುಲಿಗಿಂತ ತುಸು ಕಡಿಮೆಯೇ. ಸಿರಿಂಜಿನಲ್ಲಿ ಅರ್ಧಕ್ಕಿಂತ ಹೆಚ್ಚು ಉಳಿದಿತ್ತು. ಆದರೂ ಸೂಜಿ ತೆಗೆಯಲಿಲ್ಲ. ಕುತ್ತಿಗೆಯ ಗುಂಡಿ ಕಡಿಮೆಯಾಗುವವರೆಗೆ, ಉಗುರಿನ ನೀಲಿ ತಿಳಿಯಾಗುವವರೆಗೆ, ಸಾಹೇಬರು ಕಣ್ಣು ಪೂರ್ತಿ ತೆರೆದು ಒಂದೇ ಉಸಿರಿಗೆ “ನೀರು ಕೊಡವ್ವಾ” ಎಂದು ಎರಡು ಮಾತು ಆಡುವವರೆಗೆ ಹಾಗೇ ಹಿಡಿದು ನಿಂತಿದ್ದೆ. ಎರಡು ಮಾತು, ಒಂದು ಉಸಿರು. ಆಮೇಲೆ ಸೂಜಿ ಎಳೆದೆ. ನನ್ನ ಬೆರಳುಗಳು ಮಡಚಿದಂತೆಯೇ ಗಟ್ಟಿಯಾಗಿದ್ದವು, ದಾಯಿ ಒಂದೊಂದೇ ಬಿಡಿಸಿದಳು.

ಮಧ್ಯಾಹ್ನ ಸರಿದ ಮೇಲೆ ಚಪರಾಸಿ ಒಬ್ಬನೇ ವಾಪಸು ಬಂದ. ನಾರಾಯಣಪೇಟೆಯ ಡಾಕ್ಟರ್ ಹಿಂದಿನ ದಿನವೇ ಕಾಲರಾ ಸೂಜಿ ಹಾಕಲು ಕೋಸಗಿ ಕಡೆಗೆ ಹೋಗಿದ್ದರಂತೆ. ಅವರಿಗಾಗಿ ಕಾದಿದ್ದರೆ ಏನಾಗುತ್ತಿತ್ತೆಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಸಾಹೇಬರನ್ನು ಮನೆಗೆ ಒಯ್ದು, ನಾಲ್ಕು ದಿಂಬು ಒರಗಿಸಿ ಕೂರಿಸಿದೆವು. ಎಫೆಡ್ರಿನ್ ಅರ್ಧ ಗುಳಿಗೆ, ಬಿಸಿ ನೀರು, ಕಿಟಕಿ ತೆರೆದ ಗಾಳಿ. ಉಳಿದ ದಿನವೆಲ್ಲ ನಾನು ಅವರ ಉಸಿರು ಎಣಿಸುತ್ತ ಬಾಗಿಲ ಹತ್ತಿರ ಕುಳಿತಿದ್ದೆ. ತಾಯಿ ನನಗೆ ಜೋಳದ ರೊಟ್ಟಿ ತಂದು ಮುಂದಿಟ್ಟರು. ಎದೆ ಬಡಿದುಕೊಂಡಾಗ ಆಡಿದ ಮಾತನ್ನು ಆಕೆ ಹಾಗೆ ವಾಪಸು ತೆಗೆದುಕೊಂಡರೆಂದು ನಾನು ತಿಳಿದೆ.

ಮರುದಿನ ಸಾಹೇಬರು ಎದ್ದು ದವಾಖಾನೆಗೇ ಬಂದರು. ಬೇಡ ಎಂದರೆ ಕೇಳುವವರಲ್ಲ. ಕುರ್ಚಿಯಲ್ಲಿ ಕುಳಿತು, “ನಿನ್ನಿ ಚೀಟಿ ತಾ,” ಎಂದರು. ತಂತಿಗೆ ಚುಚ್ಚಿದ್ದ ಚೀಟಿ ಬಿಡಿಸಿ ಕೊಟ್ಟೆ. ರಿಜಿಸ್ಟರಿನಲ್ಲಿ ನಾನು ಹದಿನಾಲ್ಕು ಮಿನಿಮ್, ಬಿಡಿಬಿಡಿಯಾಗಿ ಎಂದು ಬರೆದಿದ್ದೆ. ಅದನ್ನೂ ನೋಡಿದರು.

“ಬಿಡಿಬಿಡಿಯಾಗಿ ಯಾಕ ಕೊಟ್ಟಿ?”

ಸುಳ್ಳು ಹೇಳಬಹುದಿತ್ತು. ನಿಮ್ಮ ಹೃದಯದ ಚಿಂತೆಯಿಂದ ಎಂದರೆ ಶಭಾಸ್ ಎನ್ನುತ್ತಿದ್ದರು. ಆದರೆ ಅವರ ಮುಖ ನೋಡಿ ನನ್ನ ಬಾಯಿಂದ ನಿಜವೇ ಬಂತು. “ಮೊದ್ಲು ಎರಡು ಅಂತ ಓದಿದ್ನಿರಿ ಸಾಹೇಬ್ರ. ಎರಡು ಸಿ.ಸಿ. ತುಂಬಿದ್ನಿ. ಒತ್ತಾಕ ಸುರು ಮಾಡಿದ ಮ್ಯಾಲ ನಿಮ್ಮ ನಾಡಿ ನೋಡಿ ಹೆದ್ರಿಕಿ ಆತು. ಕೊಡು ಅಂತ ಬರ್ದಿರಬೇಕು ಅಂತ ಆಮ್ಯಾಲ ಹೊಳೀತ್ರಿ. ನಂದು ತಪ್ಪಾತು.”

ಅವರು ಚೀಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಬೈಗುಳಕ್ಕೆ ನಾನು ತಯಾರಾಗಿ ನಿಂತಿದ್ದೆ.

“ಕೊಡು ಅಂತ ಬರದ್ನೋ, ಎರಡು ಅಂತ ಬರದ್ನೋ, ನನಗ ನೆನಪಿಲ್ಲ,” ಎಂದರು. “ಖರೇನ ನೆನಪಿಲ್ಲ. ಆ ಹೊತ್ತಿನ್ಯಾಗ ಉಸಿರು ಬಂದ್ರ ಸಾಕಾಗಿತ್ತು. ಎರಡಂತ ಬರದಿದ್ರೂ ಬರದಿರಬೇಕು.”

ಸರಿಯಾದ ಹುಕುಂ ಒಂದು ಇತ್ತು, ಅದನ್ನು ನಾನು ತಪ್ಪಾಗಿ ಓದಿ ಆಮೇಲೆ ಸರಿಪಡಿಸಿಕೊಂಡೆ ಎಂದು ರಾತ್ರಿಯೆಲ್ಲ ಸಮಾಧಾನ ಮಾಡಿಕೊಂಡಿದ್ದೆ. ಹುಕುಮೇ ಇರಲಿಲ್ಲ. ಎಷ್ಟು ಕೊಡಬೇಕೆಂದು ಗೊತ್ತಿದ್ದವರು ಆ ಕೋಣೆಯಲ್ಲಿ ಯಾರೂ ಇರಲಿಲ್ಲ. ಔಷಧದ ಕಪಾಟಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕುಳಿತುಬಿಟ್ಟೆ. ಸಾಹೇಬರ ಮುಂದೆ ಎಂದೂ ಹಾಗೆ ಕುಳಿತವನಲ್ಲ, ಆದರೆ ಏಳಲು ಆಗಲಿಲ್ಲ.

ಅವರು ಮೇಜು ಹಿಡಿದುಕೊಂಡು ಎದ್ದು, ಏದುಸಿರು ಬಿಡುತ್ತಲೇ ಬಂದು ನನ್ನ ಪಕ್ಕದಲ್ಲಿ ನೆಲಕ್ಕೇ ಕುಳಿತರು. ನನ್ನ ಕೈ ಎಳೆದುಕೊಂಡು ನಾಡಿಯ ಮೇಲೆ ಬೆರಳಿಟ್ಟರು.